ಪುಣೆಯ ಸೆಡಾನ್ ಹಿಮಕ್ಕೆ ಹೊರಡುವ ಮುನ್ನ

ಡಿಸೆಂಬರ್ ಬಂತೆಂದರೆ ಪುಣೆಯ ಟರ್ಬೊ ಸೆಡಾನ್‌ಗಳಿಗೆ ಮನಾಲಿಯ ಹುಚ್ಚು ಹಿಡಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲಂತೂ, ಚಳಿಗಾಲವಿಡೀ ಹೊರಜಗತ್ತಿನ ಸಂಪರ್ಕ ಕಡಿದುಕೊಳ್ಳುತ್ತಿದ್ದ ಲಾಹೌಲ್ ಕಣಿವೆಗೂ ಸಾಮಾನ್ಯ ಕಾರುಗಳು ಹೋಗಿ ಬರತೊಡಗಿವೆ. ಹಿಂಜವಡಿಯ ಐಟಿ ಕಂಪನಿಗಳಲ್ಲಿರುವ ನಮ್ಮ ಕನ್ನಡದ ಹುಡುಗರು ಇಂಥ ಪ್ರವಾಸಕ್ಕೆ ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: 'ರೀಮ್ಯಾಪ್ ಮಾಡಿಸಿಕೊಂಡು ಹೋಗ್ಲಾ? 18 ಇಂಚಿನ ಅಲಾಯ್ ಹಾಕಿಸ್ಲಾ?'

ರೀಮ್ಯಾಪ್ ಎಂದರೆ ಎಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವುದು, ಅಲಾಯ್ ಎಂದರೆ ಮಿಶ್ರಲೋಹದ ಚಕ್ರ. ಎರಡೂ ಬೇಡ. ಹಿಮದಲ್ಲಿ ಸ್ಪೋರ್ಟ್ಸ್ ಸೆಡಾನ್‌ಗೆ ಶಕ್ತಿಯ ಕೊರತೆ ಎಂದೂ ಕಾಡುವುದಿಲ್ಲ. ಕಾಡುವುದು ಹಿಡಿತದ ಕೊರತೆ ಮತ್ತು ಕಾರಿನೊಳಗೆ ಸೇರಿಕೊಂಡಿರುವ ನೀರು. ಎಂಜಿನ್ ಮೇಲೆ ಸುರಿಯಬೇಕೆಂದಿರುವ ದುಡ್ಡನ್ನು ಟಯರ್, ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ), ಬ್ಯಾಟರಿಗೆ ಹಾಕಿ. ಕೆಲಸಗಳನ್ನು ಹೊರಡುವ ಮೂರು ನಾಲ್ಕು ವಾರ ಮೊದಲೇ ಶುರು ಮಾಡಿದರೆ ಯಾವುದನ್ನೂ ಗಡಿಬಿಡಿಯಲ್ಲಿ ಮಾಡಬೇಕಾಗಿಲ್ಲ.

ಮೊದಲ ಕೆಲಸ: ಕೂಲಂಟ್ ಪರೀಕ್ಷೆ

ಪುಣೆಯಲ್ಲಿ ಚಳಿ ಎಷ್ಟೇ ಬಿದ್ದರೂ ನೀರು ಹೆಪ್ಪುಗಟ್ಟುವಷ್ಟಕ್ಕೆ ಇಳಿಯುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಕೂಲಂಟ್ ಕಡಿಮೆಯಾದಾಗ ಬಾಟಲಿ ನೀರು ಸುರಿದು ಮುಚ್ಚಳ ಹಾಕಿದರೂ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಬಣ್ಣ ಗುಲಾಬಿಯಾಗಿಯೇ ಇರುತ್ತದೆ, ಒಳಗೆ ಮಾತ್ರ ನೀರು ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್ ತೆಳುವಾಗುತ್ತ ಹೋಗಿರುತ್ತದೆ.

ಚಿಂಚವಡದಲ್ಲಿ ಗ್ಯಾರೇಜ್ ಇಟ್ಟಿರುವ ವಿಜಯಪುರ ಕಡೆಯ ಮೆಕ್ಯಾನಿಕ್ ಒಬ್ಬರು ಇದನ್ನು ಪ್ರತಿ ಗಿರಾಕಿಗೂ ತೋರಿಸಿಯೇ ಕಳಿಸುತ್ತಾರೆ. 'ಬಣ್ಣ ನೋಡಿ ಚಲೋ ಐತಿ ಅನಬ್ಯಾಡ್ರಿ ಸರ, ಒಂದ್ ಹನಿ ಇದರ ಮ್ಯಾಲೆ ಹಾಕಿ ಕಣ್ಣಿಟ್ಟು ನೋಡ್ರಿ' ಎಂದು ರಿಫ್ರಾಕ್ಟೊಮೀಟರ್ ಕೈಗಿಡುತ್ತಾರೆ. ಗೇಣುದ್ದದ ಕೊಳವೆ, ಒಂದು ತುದಿಯಲ್ಲಿ ಓರೆಯಾದ ಗಾಜು. ಅದರ ಮೇಲೆ ಕೂಲಂಟ್ ಹನಿ ಬಿಟ್ಟು, ಪ್ಲಾಸ್ಟಿಕ್ ಮುಚ್ಚಳ ಮಡಿಸಿ ಬೆಳಕಿಗೆ ಹಿಡಿದರೆ ಒಳಗಿನ ಅಳತೆಪಟ್ಟಿಯಲ್ಲಿ ನೀಲಿ ಬಣ್ಣ ಒಂದು ಗೆರೆಗೆ ಬಂದು ನಿಲ್ಲುತ್ತದೆ. ಆ ಗೆರೆಯೇ ನಿಮ್ಮ ಕೂಲಂಟ್ ಹೆಪ್ಪುಗಟ್ಟುವ ಉಷ್ಣಾಂಶ. ಗೆರೆ ಮೈನಸ್ 12ರ ಹತ್ತಿರ ನಿಂತಿತೆಂದರೆ ಒಳಗಿರುವ ಗ್ಲೈಕಾಲ್ ಕಾಲು ಭಾಗ ಮಾತ್ರ. ಅರ್ಧಕ್ಕರ್ಧ ಮಿಶ್ರಣವಾದರೆ ಅದು ಮೈನಸ್ 37ರ ಆಸುಪಾಸಿಗೆ ಇಳಿಯುತ್ತದೆ. ಚಳಿಗಾಲದಲ್ಲಿ ಲಾಹೌಲ್ ಪಕ್ಕದ ಸ್ಪಿತಿ ಕಣಿವೆಯ ಕಾಜಾದಂಥ ಊರಿನಲ್ಲಿ ರಾತ್ರಿ ಮೈನಸ್ 20ಕ್ಕೂ ಕೆಳಗೆ ಹೋಗುವುದರಿಂದ ಈ ಅಂತರ ಬೇಕೇ ಬೇಕು. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗ ಸಿಗದಿದ್ದರೆ ರೇಡಿಯೇಟರ್ ಒಡೆಯುತ್ತದೆ, ಗ್ರಹಚಾರ ಕೆಟ್ಟರೆ ಎಂಜಿನ್ ಬ್ಲಾಕೇ ಬಿರುಕು ಬಿಡುತ್ತದೆ.

ಹಾಗಾದರೆ ಗ್ಲೈಕಾಲ್ ಅನ್ನೇ ತುಂಬಿಸಿಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಶುದ್ಧ ಎಥಿಲೀನ್ ಗ್ಲೈಕಾಲ್ ಮೈನಸ್ 13ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಶಾಖ ಒಯ್ಯುವುದರಲ್ಲೂ ಅದು ನೀರಿಗಿಂತ ಹಿಂದೆ. ಹಳೆಯದನ್ನು ಪೂರ್ತಿ ಖಾಲಿ ಮಾಡಿಸಿ, ನಿಮ್ಮ ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಕೂಲಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಸಮಸಮ ಬೆರೆಸಿ ತುಂಬಿಸಿ. ರೆಡಿಮಿಕ್ಸ್ ತಂದಿದ್ದರೆ ಅದಕ್ಕೆ ಮತ್ತೆ ನೀರು ಸೇರಿಸಬಾರದು. ಬೇರೆ ಬೇರೆ ಬಗೆಯ ಕೂಲಂಟ್‌ಗಳನ್ನು ಬಣ್ಣ ಒಂದೇ ಎಂದು ಬೆರೆಸುವುದೂ ಸಲ್ಲದು. ಬಣ್ಣ ಕಂಪನಿಯ ಇಷ್ಟ, ಗುಣಮಟ್ಟದ ಗುರುತಲ್ಲ.

ಇದೇ ಮಾತು ವೈಪರ್ ವಾಶರ್ ನೀರಿಗೂ ಅನ್ವಯಿಸುತ್ತದೆ. ನಮ್ಮಲ್ಲಿ ನಲ್ಲಿ ನೀರಿಗೆ ಎರಡು ಹನಿ ಶಾಂಪೂ ಹಾಕಿ ತುಂಬಿಸುವುದು ರೂಢಿ. ಹಿಮದೂರಿನಲ್ಲಿ ಒಂದೇ ರಾತ್ರಿಗೆ ಅದು ಗಡ್ಡೆಕಟ್ಟಿ ಪೈಪು, ಪಂಪು ಎರಡನ್ನೂ ಕೆಡಿಸಬಲ್ಲದು. ಟ್ಯಾಂಕ್ ಬರಿದಾಗುವವರೆಗೆ ನೀರು ಚಿಮ್ಮಿಸಿ, ಚಳಿಗೆಂದೇ ಮಾಡಿದ ವಾಶರ್ ದ್ರವ ಹಾಕಿ, ಮತ್ತೆ ಒಂದೆರಡು ಸಲ ಚಿಮ್ಮಿಸಿ. ಪೈಪಿನಲ್ಲಿ ಉಳಿದ ಹಳೆ ನೀರು ಹೊರಬರುವುದು ಆಗಲೇ.

ಟಯರ್: ದುಡ್ಡು ಹೋಗಬೇಕಾದ ಜಾಗ

ನಮ್ಮ ಸೆಡಾನ್‌ಗಳಿಗೆ ಬರುವುದು ಬಿಸಿ ರಸ್ತೆಗೆ ಒಗ್ಗಿದ ಟಯರ್. 7 ಡಿಗ್ರಿಗಿಂತ ಕೆಳಗೆ ಈ ರಬ್ಬರ್ ಬಿರುಸಾಗತೊಡಗುತ್ತದೆ. ಹಿಮ ಬೀಳುವುದಕ್ಕೂ ಮೊದಲೇ, ಬರೀ ತಣ್ಣನೆಯ ಟಾರಿನ ಮೇಲೇ ಹಿಡಿತ ಕಡಿಮೆಯಾಗಿರುತ್ತದೆ. ಚಳಿಗಾಲದ ಟಯರಿನ ರಬ್ಬರ್ ಚಳಿಯಲ್ಲೂ ಮೆತ್ತಗಿರುತ್ತದೆ, ಅದರ ಗುಬಟುಗಳಲ್ಲಿ ಸಣ್ಣ ಸಣ್ಣ ಸೀಳುಗಳಿದ್ದು ಅವು ಹಿಮವನ್ನು ಕಚ್ಚಿಕೊಳ್ಳುತ್ತವೆ. ಕೊಳ್ಳುವಾಗ ಟಯರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮಹರಳು ಇರುವ ಚಿತ್ರ ಹುಡುಕಿ. ಹಿಮದಲ್ಲಿ ಪರೀಕ್ಷೆಗೆ ಒಳಗಾದ ಟಯರಿಗೆ ಮಾತ್ರ ಆ ಗುರುತು ಸಿಗುತ್ತದೆ. 'ಎಂ+ಎಸ್' ಎಂಬ ಅಕ್ಷರಗಳಷ್ಟೇ ಇದ್ದರೆ ಅದು ತಯಾರಕರ ಮಾತು, ಪರೀಕ್ಷೆಯ ಫಲವಲ್ಲ.

ಸೆಡಾನ್ ಅಳತೆಯಲ್ಲಿ ಇಂಥ ಟಯರ್ ಪುಣೆಯ ಅಂಗಡಿಗಳಲ್ಲಿ ಸಲೀಸಾಗಿ ಸಿಗುವುದಿಲ್ಲ, ಮುಂಚಿತವಾಗಿ ಹೇಳಿ ತರಿಸಬೇಕು. ತರಿಸಿದರೆ ನಾಲ್ಕನ್ನೂ ತರಿಸಿ. ಫ್ರಂಟ್ ವೀಲ್ ಡ್ರೈವ್ ಎಂದು ಮುಂದಿನ ಎರಡನ್ನೇ ಬದಲಿಸಿದರೆ ತಿರುವಿನಲ್ಲಿ ಮೂತಿ ಹಿಡಿದುಕೊಳ್ಳುತ್ತದೆ, ಬಾಲ ಜಾರುತ್ತದೆ. ಕಾರು ಗಿರಕಿ ಹೊಡೆಯುವುದು ಹೀಗೆಯೇ.

ರಿಮ್ ದೊಡ್ಡದು ಮಾಡುವ ಆಸೆಯನ್ನು ಈ ಪ್ರವಾಸದ ಮಟ್ಟಿಗಾದರೂ ಬಿಡಿ. ಪುಣೆ ಬಳಿಯ ಚಾಕಣ್‌ನಲ್ಲಿ ತಯಾರಾಗುವ ಫೋಕ್ಸ್‌ವ್ಯಾಗನ್ ಸೆಡಾನ್ ವರ್ಟಸ್‌ನ 150 ಪಿಎಸ್ ಮಾದರಿಯನ್ನೇ ನೋಡಿ. ಅದಕ್ಕೆ ಬರುವುದು 205/55 ಆರ್16 ಟಯರ್, ಹಿಮಕ್ಕೆ ಅದು ಒಳ್ಳೆಯ ಅಳತೆಯೇ. ಟಯರಿನ ಪಕ್ಕ ದಪ್ಪಗಿದ್ದಷ್ಟೂ ಹಿಮದಡಿ ಕಾಣದ ಗುಂಡಿಗೆ ರಿಮ್ ಬಗ್ಗುವ ಭಯ ಕಡಿಮೆ, ಹಿಮದಲ್ಲಿ ಹಿಡಿತಕ್ಕೆಂದು ಟಯರಿಗೆ ಸುತ್ತುವ ಚೈನ್ ಹಾಕಲೂ ಜಾಗ ಉಳಿಯುತ್ತದೆ. ಅಗಲ ಹೆಚ್ಚಾದಷ್ಟೂ ಟಯರ್ ಹಿಮವನ್ನು ಕೊರೆಯದೆ ಅದರ ಮೇಲೆ ತೇಲುತ್ತದೆ.

ಗಾಳಿಯ ಲೆಕ್ಕ ಸ್ವಲ್ಪ ಸೂಕ್ಷ್ಮ. ಪುಣೆಯ 25 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿದ ಟಯರ್ ಮೈನಸ್ 5ಕ್ಕೆ ಹೋದರೆ ಚಳಿಯೊಂದರಿಂದಲೇ 5 ಪಿಎಸ್‌ಐ ಹತ್ತಿರ ಇಳಿಯುತ್ತದೆ. ಆದರೆ ಎತ್ತರಕ್ಕೆ ಹೋದಂತೆ ಹೊರಗಿನ ವಾಯುಭಾರವೂ ಇಳಿಯುವುದರಿಂದ ಮಾಪಕದಲ್ಲಿ ಸ್ವಲ್ಪ ಏರಿಕೆ ಕಾಣುತ್ತದೆ. 3,000 ಮೀಟರ್ ದಾಟಿದಾಗ ಅದು 3ರಿಂದ 4 ಪಿಎಸ್‌ಐ. ಹೀಗಾಗಿ ಮನೆಯಲ್ಲೇ ಅಂದಾಜಿಗೆ ಹೆಚ್ಚು ತುಂಬಿಸಿಕೊಂಡು ಹೋಗುವುದಾಗಲಿ, ಹಿಡಿತ ಸಿಗಲೆಂದು ಗಾಳಿ ಬಿಡುವುದಾಗಲಿ ಬೇಡ. ಕೈಗಾತ್ರದ ಮಾಪಕ, ಕಾರಿನ ಸಾಕೆಟ್‌ಗೆ ಹಾಕುವ ಪಂಪು ಇಟ್ಟುಕೊಂಡು ಅಲ್ಲೇ, ಬೆಳಿಗ್ಗೆ, ಕಾರು ಹೊರಡುವ ಮೊದಲು ಅಳೆದು ಕೈಪಿಡಿಯ ಅಂಕಿಗೆ ತನ್ನಿ.

ಚೈನ್ ಅಭ್ಯಾಸ ಪುಣೆಯಲ್ಲೇ ಆಗಲಿ

ಮನಾಲಿಯಲ್ಲಿ ಚೈನ್ ಬಾಡಿಗೆಗೆ ಸಿಗುತ್ತದೆ. ಆದರೆ ಅದು ನಿಮ್ಮ ಟಯರಿನ ಅಳತೆಯದೇ ಎಂಬ ಖಾತ್ರಿ ಇರುವುದಿಲ್ಲ. ಸಡಿಲ ಚೈನ್ ಬ್ರೇಕ್ ಪೈಪನ್ನು ಹರಿದುಹಾಕಬಲ್ಲದು. ಅಳತೆ ಬರೆದಿರುವ ಸ್ವಂತ ಜೋಡಿಯನ್ನೇ ಕೊಳ್ಳಿ. ಅದಕ್ಕೂ ಮುಂಚೆ ಚಕ್ರದ ಒಳಮಗ್ಗುಲಿಗೆ ಕೈ ತೂರಿಸಿ, ಟಯರಿಗೂ ಸಸ್ಪೆನ್ಷನ್‌ನ ಸ್ಟ್ರಟ್‌ಗೂ ನಡುವೆ ಬೆರಳು ಸರಾಗ ಆಡುತ್ತದೆಯೇ ನೋಡಿ. ನಿಮ್ಮ ಟಯರ್ ಅಳತೆಗೆ ಚೈನ್ ಸಲ್ಲುತ್ತದೆಯೇ, ಎಷ್ಟು ದಪ್ಪದ್ದು ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಜಾಗ ಸಾಲದಿದ್ದರೆ ಟಯರಿಗೆ ತೊಡಿಸುವ ಬಟ್ಟೆಯ ಸ್ನೋ ಸಾಕ್ಸ್ ಇವೆ. ಬಾಳಿಕೆ ಕಡಿಮೆ, ಆದರೆ ಕಾರಿಗೆ ಏಟು ಬೀಳುವುದಿಲ್ಲ.

ಸೊಸೈಟಿಯ ಪಾರ್ಕಿಂಗ್‌ನಲ್ಲಿ ಒಂದು ಭಾನುವಾರ ಚೈನನ್ನು ನೆಲಕ್ಕೆ ಹಾಸಿ, ಸಿಕ್ಕು ಬಿಡಿಸಿ, ಒಳಬದಿಯ ಕೊಕ್ಕೆ ಮೊದಲು, ಹೊರಬದಿಯದು ಆಮೇಲೆ ಎಂದು ಹಾಕಿ ತೆಗೆದು ರೂಢಿ ಮಾಡಿಕೊಳ್ಳಿ. ಕೊಕ್ಕೆಯ ಬಾಯಿ ಹೊರಕ್ಕಿರಲಿ, ಟಯರಿನ ಕಡೆಗಲ್ಲ. ಕೊನೆಗೆ ದಪ್ಪ ಕೈಗವಸು ತೊಟ್ಟುಕೊಂಡೇ ಹಾಕಿ ನೋಡಿ. ಅಲ್ಲಿ ಬರಿಗೈಯಲ್ಲಿ ಕಬ್ಬಿಣ ಮುಟ್ಟಲಾಗದು. ಫ್ರಂಟ್ ವೀಲ್ ಡ್ರೈವ್ ಕಾರಿಗೆ ಚೈನ್ ಮುಂದಿನ ಚಕ್ರಗಳಿಗೆ. ಹಾಕಿದ ಮೇಲೆ ನೂರು ಮೀಟರ್ ಓಡಿಸಿ, ಇಳಿದು ಮತ್ತೆ ಬಿಗಿ ಮಾಡಿ. ವೇಗ 50 ದಾಟಬಾರದು, ತಿರುವು ದಾರಿಯಲ್ಲಿ 25-30 ಸಾಕು. ಬರಿ ಟಾರ್ ಸಿಕ್ಕ ಕೂಡಲೇ ತೆಗೆಯಿರಿ.

ಬ್ಯಾಟರಿ, ಆಯಿಲ್

ಬ್ಯಾಟರಿಯ ಮೇಲೆ 'ಸಿಸಿಎ' ಎಂದು ಬರೆದ ಸಂಖ್ಯೆ ಮೈನಸ್ 18 ಡಿಗ್ರಿಯಲ್ಲಿ ಅದು ಕೊಡಬಲ್ಲ ಕರೆಂಟು. ಚಳಿಗೆ ಬ್ಯಾಟರಿಯ ಬಲ ಕುಗ್ಗುತ್ತದೆ, ಅದೇ ಹೊತ್ತಿಗೆ ಆಯಿಲ್ ಮಂದವಾಗಿ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಸರಿ, 12.2 ಇದ್ದರೆ ಅರ್ಧ ಖಾಲಿ ಎಂದು ತಿಳಿಯಿರಿ. ಮೂರು ನಾಲ್ಕು ವರ್ಷ ಕಂಡ ಬ್ಯಾಟರಿಯನ್ನು ಹೊರಡುವ ಮೊದಲೇ ಬದಲಿಸುವುದು ಲೇಸು.

ಆಯಿಲ್ ಡಬ್ಬಿಯ 5ಡಬ್ಲ್ಯು-30ರಲ್ಲಿ ಮೊದಲ ಅಂಕಿ ಚಳಿಯ ಗುಣ ಹೇಳುತ್ತದೆ. 5ಡಬ್ಲ್ಯು ಮೈನಸ್ 35ರವರೆಗೂ ಪಂಪಿಗೆ ಸಿಗುತ್ತದೆ, 20ಡಬ್ಲ್ಯು ಮೈನಸ್ 20ಕ್ಕೇ ಕೈಚೆಲ್ಲುತ್ತದೆ. ಟರ್ಬೊ ಕಾರುಗಳಿಗೆ ಕಂಪನಿ ಹೇಳುವ 0ಡಬ್ಲ್ಯು, 5ಡಬ್ಲ್ಯು ಆಯಿಲ್‌ಗಳೇ ಸಾಕು, ಬೇರೆ ಪ್ರಯೋಗ ಬೇಡ. ಸ್ಟಾರ್ಟ್ ಮಾಡಿ ಗಂಟೆಗಟ್ಟಲೆ ನಿಲ್ಲಿಸಿ ಬಿಸಿ ಮಾಡುವುದಕ್ಕಿಂತ ಅರ್ಧ ನಿಮಿಷ ಬಿಟ್ಟು ನಿಧಾನವಾಗಿ ಹೊರಡುವುದೇ ಎಂಜಿನ್‌ಗೆ ಹಿತ. ಆಯಿಲ್ ಕಾಯುವವರೆಗೆ ಟರ್ಬೊವನ್ನು ದುಡಿಸಬೇಡಿ.

ಡೀಸೆಲ್ ಕಾರಿನವರಿಗೆ ಒಂದೇ ಮಾತು: ಬಯಲಿನ ಡೀಸೆಲ್ ತುಂಬಿದ ಟ್ಯಾಂಕ್‌ನೊಂದಿಗೆ ಮೇಲೆ ರಾತ್ರಿ ಕಳೆಯಬೇಡಿ, ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಬೆಟ್ಟದ ಬಂಕ್‌ಗಳಲ್ಲೇ ತುಂಬಿಸಿ. ಲಡಾಖ್‌ಗಾಗಿ ಇಂಡಿಯನ್ ಆಯಿಲ್ 2019ರಲ್ಲೇ ಮೈನಸ್ 33 ಡಿಗ್ರಿ ತಾಳುವ ಡೀಸೆಲ್ ತಂದಿದೆ.

ಮಾಡಿಫಿಕೇಶನ್: ಯಾವುದು ಸೈ, ಯಾವುದು ಬೇಡ

ಕಾರನ್ನು ನೆಲಕ್ಕಿಳಿಸುವ ಸ್ಪ್ರಿಂಗ್ ಹಾಕಿಸಿದ್ದರೆ ಮೂಲ ಸ್ಪ್ರಿಂಗನ್ನೇ ವಾಪಸ್ ಹಾಕಿಸಿ. ಹಿಮದ ದಾರಿಯಲ್ಲಿ ಮೊದಲು ಹೋದ ವಾಹನಗಳು ಎರಡು ಚಡಿ ಕೊರೆದು ನಡುವೆ ದಿಣ್ಣೆ ಉಳಿಸಿರುತ್ತವೆ. ಕಾರಿನ ಹೊಟ್ಟೆ ಆ ದಿಣ್ಣೆಯ ಮೇಲೆ ಕೂತರೆ ಮುಂದಿನ ಚಕ್ರಗಳ ಮೇಲಿನ ಭಾರ ಇಳಿದು ಅವು ಸುಮ್ಮನೆ ಗಾಳಿಯಲ್ಲಿ ತಿರುಗಿದಂತೆ ತಿರುಗುತ್ತವೆ. ರೀಮ್ಯಾಪ್ ಕೂಡ ಇಲ್ಲಿ ಶತ್ರು. ಕಡಿಮೆ ಆರ್‌ಪಿಎಂನಲ್ಲೇ ನುಗ್ಗಿ ಬರುವ ಟಾರ್ಕ್ (ತಿರುಗಿಸುವ ಬಲ) ಚಕ್ರವನ್ನು ಜಾರಿಸುತ್ತದೆ. ಆಯಿಲ್‌ನಲ್ಲಿ ಮುಳುಗಿರದ ಡ್ರೈ ಕ್ಲಚ್ ಇರುವ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆದರೆ ಸಿಕ್ಕಿಕೊಂಡಾಗ ಹಿಂದೆ ಮುಂದೆ ಆಡಿಸಿದಷ್ಟೂ ಕ್ಲಚ್ ಬಿಸಿಯೇರುತ್ತದೆ. ಸಲಿಕೆಯಲ್ಲಿ ಹಿಮ ತೆಗೆದು, ಚಕ್ರದ ಮುಂದೆ ಮರಳು ಹಾಕಿ, ಟ್ರ್ಯಾಕ್ಷನ್ ಕಂಟ್ರೋಲ್ ತುಸು ಹೊತ್ತು ಆರಿಸಿ ಮೆಲ್ಲಗೆ ಹೊರಬರುವುದೇ ದಾರಿ.

ಬಾನೆಟ್ ಒಳಗೆ ತೆರೆದ ಏರ್ ಫಿಲ್ಟರ್ ಇದ್ದರೆ ಹಿಮದ ಪುಡಿ ಎಳೆದುಕೊಳ್ಳುತ್ತದೆ, ಮೂಲ ಡಬ್ಬಿಯೇ ಒಳ್ಳೆಯದು. ಹಾಕಿಸಬೇಕಾದ್ದು ಎಂಜಿನ್ ಕೆಳಗಿನ ಲೋಹದ ಗಾರ್ಡ್, ಗಟ್ಟಿ ಮಡ್‌ಫ್ಲ್ಯಾಪ್, ಹೊಸ ವೈಪರ್. ಎಲ್‌ಇಡಿ ದೀಪ ಮುಂದಕ್ಕೆ ಬಿಸಿ ಸೂಸುವುದಿಲ್ಲ, ಗಾಜಿನ ಮೇಲೆ ಕೂತ ಹಿಮ ಕರಗುವುದಿಲ್ಲ. ನಿಂತಾಗಲೆಲ್ಲ ಒರೆಸಬೇಕು.

ಕಾನೂನೂ ನೆನಪಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಡಾಖಂಡಿತವಾಗಿ ಹೇಳಿದೆ. ಸಾವಿರಾರು ಕಿ.ಮೀ. ದೂರದಲ್ಲಿ ಅಪಘಾತವಾಗಿ ವಿಮೆಯವರು ತಕರಾರು ತೆಗೆದರೆ ಕಷ್ಟ.

ಅಲ್ಲಿ ತಲುಪಿದ ಮೇಲೆ

ರಾತ್ರಿ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಒದ್ದೆ ಬ್ರೇಕ್ ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತದೆ. ಸಮತಟ್ಟು ಜಾಗ ನೋಡಿ ಗೇರ್‌ನಲ್ಲಿ ಅಥವಾ 'ಪಿ'ಯಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ವೈಪರ್ ಎತ್ತಿಡಿ. ಬೆಳಿಗ್ಗೆ ಗಾಜಿನ ಮೇಲೆ ಬಿಸಿನೀರು ಸುರಿಯಲೇಬಾರದು, ಬಿರುಕು ಬಿಡುತ್ತದೆ. ಒಳಗೆ ಮಂಜು ಕಟ್ಟಿದರೆ ಹೀಟರ್ ಜೊತೆ ಎಸಿಯನ್ನೂ ಹಾಕಿ, ಹೊರಗಾಳಿ ಒಳಬರಲು ಬಿಡಿ.

ಮ್ಯಾನುಯಲ್ ಗೇರ್ ಆದರೆ ಎರಡನೆಯದರಲ್ಲಿ ಹೊರಡಿ. ಇಳಿಜಾರಿಗೆ ಕೆಳ ಗೇರ್, ಬ್ರೇಕ್ ತೀರ ಮೃದುವಾಗಿ. ಬಿಸಿಲು ಕಾಣದ ತಿರುವುಗಳಲ್ಲಿ ಟಾರ್ ಬರೀ ಒದ್ದೆಯಾದಂತೆ ಹೊಳೆಯುತ್ತಿದ್ದರೆ ಅದು ತೆಳು ಮಂಜುಗಡ್ಡೆ ಎಂದೇ ನಂಬಿ. ಹಿಮ ಜೋರಾದಾಗ ಮನಾಲಿಯ ಆಚೆ ಪೊಲೀಸರು 4×4 ವಾಹನಗಳನ್ನು ಮಾತ್ರ ಬಿಡುವುದುಂಟು. ಅವರೊಡನೆ ವಾದಕ್ಕಿಳಿಯದೆ ಕಾರು ನಿಲ್ಲಿಸಿ ಬಾಡಿಗೆ ಜೀಪು ಹಿಡಿಯಿರಿ.

ಹಿಮದಲ್ಲಿ ಸಿಕ್ಕಿ ಕಾರಿನಲ್ಲೇ ಕೂರಬೇಕಾದರೆ ಸೈಲೆನ್ಸರ್ ಬಾಯಿ ಹಿಮದಲ್ಲಿ ಹೂತಿಲ್ಲ ಎಂದು ಆಗಾಗ ಇಳಿದು ನೋಡಿ. ಹೂತಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರಿ ಗಿರಿಧಾಮದಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ವಾಹನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೆಲವರ ಪ್ರಾಣ ತೆಗೆದದ್ದು ಈ ಅನಿಲವೇ. ಎಂಜಿನ್ ಓಡುತ್ತಿರುವಾಗ ಎಲ್ಲರೂ ನಿದ್ದೆ ಹೋಗಲೇಬಾರದು. ಕಂಬಳಿ, ಒಣ ತಿಂಡಿ, ಸಲಿಕೆ, ಜಂಪರ್ ಕೇಬಲ್, ಟೋ ಹಗ್ಗ ಡಿಕ್ಕಿಯಲ್ಲಿರಲಿ.

ವಾಪಸ್ ಬಂದ ವಾರ

ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ಕೆಳಭಾಗವನ್ನು ಒತ್ತಡದ ನೀರಿನಲ್ಲಿ ತೊಳೆಸಿ, ಚಕ್ರದ ಕಮಾನುಗಳ ಒಳಗೆ ಕೂತ ಮರಳು, ಕೆಸರು ಪೂರ್ತಿ ಹೋಗಲಿ. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕಿರುವ ಕಡೆ ಓಡಾಡಿದ್ದರಂತೂ ಇದನ್ನು ಮುಂದೂಡಬೇಡಿ. ಸಮುದ್ರದ ಗಾಳಿ ತಿನ್ನುವ ಮುಂಬೈ, ಗೋವಾದ ಕಾರುಗಳಿಗೆ ತುಕ್ಕಿನ ಕಾಟ ಮೊದಲೇ ಇರುವುದರಿಂದ ಅವಕ್ಕೆ ಇನ್ನೂ ಜರೂರು. ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟುಗಳು ಹರಿದಿವೆಯೇ ಎಂದು ಟಾರ್ಚ್ ಹಿಡಿದು ನೋಡಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ಚೈನನ್ನು ಸಿಹಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ ಚೀಲಕ್ಕೆ ಹಾಕಿ. ಚಳಿಗಾಲದ ಟಯರ್ ಹಾಕಿಸಿದ್ದರೆ ಮಾರ್ಚ್ ಬಿಸಿಲಿಗೆ ಮುಂಚೆ ತೆಗೆಸಿ, ಆ ಮೆತ್ತನೆ ರಬ್ಬರ್ ಪುಣೆಯ ಬೇಸಿಗೆಯಲ್ಲಿ ಬೇಗ ಸವೆದುಹೋಗುತ್ತದೆ. ಕೆಳಭಾಗದ ಕೋಟಿಂಗ್‌ನಲ್ಲಿ ಕಲ್ಲು ತಾಗಿ ಬರಿ ಲೋಹ ಕಂಡ ಜಾಗಗಳನ್ನು ಜೂನ್ ಮಳೆಗೆ ಮೊದಲೇ ಮುಚ್ಚಿಸಿ.