ಸ್ಟ್ರೆಚ್ ಮಾರ್ಕ್ಸ್‌ಗೆ ಏನು ಹಚ್ಚಬೇಕು ಅಂತ ಕೇಳಿದವರಿಗೆ

ಬಾಣಂತನ ಮುಗಿದ ಮೇಲೂ ಹೊಟ್ಟೆ ಮೇಲಿನ ಗೆರೆ ಹೋಗಿಲ್ಲ ಅಂತ ಗುಂಪಿನಲ್ಲಿ ಕೇಳಿದ್ದಿರಿ ಅಲ್ವಾ? ಮೊದಲು ಬಣ್ಣ ನೋಡಿಕೊಳ್ಳಿ. ಕೆಂಪು ಅಥವಾ ನೇರಳೆ ಇದ್ದರೆ ಗೆರೆ ಹೊಸದು, ಚಿಕಿತ್ಸೆಯಿಂದ ಜಾಸ್ತಿ ಉಪಯೋಗ ಆಗುವುದು ಆಗಲೇ. ಬೆಳ್ಳಗಾದ ಮೇಲೆ ಮಸುಕಾಗಬಹುದು, ಪೂರ್ತಿ ಮಾಯವಾಗುವುದಿಲ್ಲ.

ಚರ್ಮ ಬೇಗ ಹಿಗ್ಗಿದಾಗ ಅದರ ಒಳಪದರದಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್, ಎಲಾಸ್ಟಿನ್ ಎಳೆಗಳು ಹರಿಯುತ್ತವೆ. ಹಾಗಾಗಿ ಮೇಲೆ ಹಚ್ಚುವ ಕೊಬ್ಬರಿ ಎಣ್ಣೆಯಿಂದ ಕೆರೆತ ಕಡಿಮೆಯಾಗುತ್ತದೆ, ಗೆರೆ ಅಳಿಸುವುದಿಲ್ಲ. ಅಜ್ಜಿ ಹಚ್ಚಿದರೆ ಹಚ್ಚಿಸಿಕೊಳ್ಳಿ, ಆದರೆ ಸುಮ್ನೆ ದುಬಾರಿ ಎಣ್ಣೆಗೆ ದುಡ್ಡು ಸುರಿಯಬೇಡಿ.

ಹೊಸ ಗೆರೆಗೆ ಡಾಕ್ಟರು ಟ್ರೆಟಿನಾಯಿನ್ ಕ್ರೀಮ್ ಬರೆಯುವುದುಂಟು. ಗರ್ಭಿಣಿಯರು ಅದನ್ನು ಮುಟ್ಟಲೇಬಾರದು. ಹಾಲೂಡಿಸುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಹಳೆಯದಕ್ಕೆ ಲೇಸರ್, ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಚಿಕಿತ್ಸೆ) ಇದೆ. ಹಲವು ಸಲ ಹೋಗಬೇಕು, ಖರ್ಚೂ ಇದೆ. ನಮ್ಮಂಥ ಕಂದು ಚರ್ಮದಲ್ಲಿ ಲೇಸರ್‌ನಿಂದ ಕಪ್ಪು ಕಲೆ ಉಳಿಯಬಹುದು, ಅದನ್ನು ಕೇಳಿಯೇ ಒಪ್ಪಿಕೊಳ್ಳಿ.

ನನಗೆ ಜಾಸ್ತಿ ಚಿಂತೆ ಇನ್ನೊಂದು. ತೊಡೆಸಂದಿಯ ಹುಳುಕಡ್ಡಿಗೆ ಅಂತ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಎಷ್ಟೋ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಅಗಲವಾದ ಗೆರೆ ಬೀಳುತ್ತದೆ. ಕಾಲೇಜು ಹುಡುಗರೇ, ಇದು ನಿಮಗೂ! ಬೆಳೆಯುವ ವಯಸ್ಸಿನಲ್ಲಿ ಬೆನ್ನು, ತೊಡೆ ಮೇಲೆ ತಾನಾಗಿ ಬರುವ ಗೆರೆಗೆ ಮಾತ್ರ ಹೆದರಬೇಡಿ.

ಕಾರಣವಿಲ್ಲದೆ ಅಗಲವಾದ ನೇರಳೆ ಗೆರೆ ಬಂದು, ಮುಖವೂ ಊದಿಕೊಂಡರೆ ಹಾರ್ಮೋನ್ ತೊಂದರೆ ಇರಬಹುದು. ಮೈಸೂರಿನವರು ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದವರು ಮಿಮ್ಸ್‌ನಲ್ಲಿ (ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ತೋರಿಸಿ. ಹಚ್ಚುತ್ತಿದ್ದ ಕ್ರೀಮಿನ ಟ್ಯೂಬನ್ನೂ ಜೊತೆಗೆ ಒಯ್ಯಿರಿ.