1943ರ ಅಮೆರಿಕದ ರೇಷನ್‌ನಲ್ಲಿ ನಮ್ಮನೆ ಅಡುಗೆ: ನನ್ನ ಅನುಭವ

ಎರಡನೇ ಮಹಾಯುದ್ಧದ ಕಾಲದ ಅಮೆರಿಕ ಅಂದ ಕೂಡಲೇ ಎಲ್ಲರೂ ಬೆಲೆ ಹೇಳುತ್ತಾರೆ. 1943ರಲ್ಲಿ ಒಂದು ಪೌಂಡ್ ಬ್ರೆಡ್‌ಗೆ ಸುಮಾರು 9 ಸೆಂಟ್, ಒಂದು ಪೌಂಡ್ ಕಾಫಿಪುಡಿಗೆ 30 ಸೆಂಟ್, ಕಾಗದಕ್ಕೆ ಹಚ್ಚುವ ಸ್ಟಾಂಪಿಗೆ 3 ಸೆಂಟ್, ಕೋಕಾ ಕೋಲಾ ಬಾಟಲಿಗೆ 5 ಸೆಂಟ್. ಕೇಳಿದವರು "ಎಷ್ಟು ಅಗ್ಗ ಅಲ್ವಾ!" ಅಂತಾರೆ. ನನಗೆ ಈ ಪಟ್ಟಿ ಸಾಲದು. ಆ ಬೆಲೆ ಹಿಡಿದು ಅಂಗಡಿಗೆ ಹೋದ ಹೆಂಗಸು ಏನು ತಂದಳು, ಏನು ಬಿಟ್ಟು ಬಂದಳು, ರಾತ್ರಿಗೆ ಏನು ಬೇಯಿಸಿದಳು ಅನ್ನೋದು ಬೇಕಿತ್ತು. ಅದಕ್ಕೆ ನ್ಯೂಜೆರ್ಸಿಯ ನಮ್ಮನೆಯಲ್ಲಿ 1943ರ ರೇಷನ್ ನಿಯಮ ಇಟ್ಟುಕೊಂಡೇ ಅಡುಗೆ ಮಾಡಿದೆ. ಮಾರ್ಚ್ 1ಕ್ಕೆ ಶುರು ಮಾಡಿ, ಹಿತ್ತಲಿನ ಟೊಮೆಟೊ ಮುಗಿಯುವವರೆಗೆ ನಡೆಸಿದೆ. ಡಬ್ಬಿ ಆಹಾರಕ್ಕೆ ಪಾಯಿಂಟ್ ರೇಷನ್, ಅಂದರೆ ಒಂದೊಂದು ಸಾಮಾನಿಗೂ ದುಡ್ಡಿನ ಜೊತೆ ಇಷ್ಟು ಪಾಯಿಂಟಿನ ಚೀಟಿ ಕೊಡಬೇಕು ಅನ್ನೋ ನಿಯಮ, ಬಂದದ್ದು 1943ರ ಮಾರ್ಚ್ 1ರಂದೇ.

ಮನೆಯಲ್ಲಿ ನಾವು ನಾಲ್ಕು ಜನ. ನಾನು, ನಮ್ಮ ಯಜಮಾನರು, ಹನ್ನೊಂದು ವರ್ಷದ ಮಗಳು, ಹಾಸನದಿಂದ ಬಂದು ನಮ್ಮ ಜೊತೆ ಇರುವ ಅತ್ತೆ. ಎಲ್ಲರೂ ಸಸ್ಯಾಹಾರಿಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ರೇಷನ್ ಅಂದರೆ ನಮಗೆ ಸೊಸೈಟಿ ಅಂಗಡಿ ನೆನಪಾಗುತ್ತದೆ. ಕಾರ್ಡ್ ಇದ್ದರೆ ಅಕ್ಕಿ, ಸಕ್ಕರೆ ಕಡಿಮೆ ದುಡ್ಡಿಗೆ ಸಿಗುತ್ತದೆ. ಅಮೆರಿಕದ್ದು ಹಾಗಲ್ಲ. ಚೀಟಿ ಕೊಟ್ಟರೂ ಪೂರ್ತಿ ದುಡ್ಡು ಕೊಡಲೇಬೇಕು. ಚೀಟಿ ಅಂದರೆ ಕೊಳ್ಳುವ ಹಕ್ಕು ಅಷ್ಟೇ. ಬೆಲೆ ಏರದಂತೆ ಹಿಡಿಯೋಕೆ ಬೇರೆ ಆದೇಶ ಇತ್ತು. ಆಫೀಸ್ ಆಫ್ ಪ್ರೈಸ್ ಅಡ್ಮಿನಿಸ್ಟ್ರೇಷನ್ 1942ರ ಏಪ್ರಿಲ್‌ನಲ್ಲಿ ಹೊರಡಿಸಿದ ಆ ಆದೇಶದ ಪ್ರಕಾರ, 1942ರ ಮಾರ್ಚ್‌ನಲ್ಲಿ ಅಂಗಡಿಯವನು ತೆಗೆದುಕೊಂಡ ಅತಿ ಹೆಚ್ಚಿನ ಬೆಲೆಯೇ ಗರಿಷ್ಠ ಬೆಲೆ. ಅದರ ಮೇಲೆ ಏರಿಸುವ ಹಾಗಿಲ್ಲ. 1943ರಿಂದ ಈ ಕಚೇರಿ ನಡೆಸಿದ ಚೆಸ್ಟರ್ ಬೋಲ್ಸ್ ಮುಂದೆ ಭಾರತಕ್ಕೆ ಅಮೆರಿಕದ ರಾಯಭಾರಿಯಾಗಿ ಬಂದರು. ಊಟದ ಮೇಜಿನಲ್ಲಿ ಈ ವಿಷಯ ಹೇಳಿದಾಗ ಅತ್ತೆಗೆ ತುಂಬಾ ಖುಷಿಯಾಯಿತು.

ಚೀಟಿಪುಸ್ತಕ ಮಾಡಿದ್ದು ಮಗಳು. ಆಗಿನ ಪುಸ್ತಕಗಳು ಇವತ್ತಿಗೂ ಹಳೇ ಸಾಮಾನಿನ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ನಾನು ತಂದ ಒಂದನ್ನು ನೋಡಿಕೊಂಡು ಅವಳು ಕೆಂಪು, ನೀಲಿ ಹಾಳೆ ಕತ್ತರಿಸಿ ನಾಲ್ಕು ಪುಸ್ತಕ ಹೊಲಿದಳು. ಕೆಂಪು ಚೀಟಿ ಮಾಂಸ, ಬೆಣ್ಣೆ, ಚೀಸ್, ಅಡುಗೆ ಎಣ್ಣೆಗೆ. ಒಬ್ಬರಿಗೆ ವಾರಕ್ಕೆ 16 ಪಾಯಿಂಟ್. ನೀಲಿ ಚೀಟಿ ಡಬ್ಬಿ ಆಹಾರಕ್ಕೆ. ಒಬ್ಬರಿಗೆ ತಿಂಗಳಿಗೆ 48. ಮಗು ಆದರೂ ಅಷ್ಟೇ, ಮುದುಕರಾದರೂ ಅಷ್ಟೇ. ಪಾಯಿಂಟ್ ಪಟ್ಟಿ ಆಗಾಗ ಬದಲಾಗುತ್ತಿತ್ತು, ಪೇಪರ್‌ನಲ್ಲಿ ಅಚ್ಚಾಗುತ್ತಿತ್ತು. ಹಳೇ ಪೇಪರ್‌ಗಳ ಸ್ಕ್ಯಾನ್ ಪ್ರಿಂಟ್ ಮಾಡಿ ಫ್ರಿಜ್ ಬಾಗಿಲಿಗೆ ಅಂಟಿಸಿದೆ.

ಮೊದಲ ವಾರ ಬ್ರೆಡ್ ನಾವೇ ಕತ್ತರಿಸಬೇಕಾಯಿತು. 1943ರ ಜನವರಿಯಿಂದ ಮಾರ್ಚ್ 8ರವರೆಗೆ ಅಮೆರಿಕದಲ್ಲಿ ಕತ್ತರಿಸಿದ ಬ್ರೆಡ್ ಮಾರುವುದೇ ನಿಷೇಧವಾಗಿತ್ತು, ಮೇಣದ ಕಾಗದ ಉಳಿಸೋಕೆ ಅಂತ.

ನಿಜವಾದ ಬಿಸಿ ತಟ್ಟಿದ್ದು ಕಾಫಿಯಲ್ಲಿ. 1942ರ ನವೆಂಬರ್ ಕೊನೆಯಿಂದ 15 ವರ್ಷ ಮೇಲ್ಪಟ್ಟವರಿಗೆ ಐದು ವಾರಕ್ಕೆ ಒಂದು ಪೌಂಡ್. ಲೆಕ್ಕ ಹಾಕಿದರೆ ದಿನಕ್ಕೆ 13 ಗ್ರಾಂ. ಬ್ರೆಜಿಲ್‌ನಲ್ಲಿ ಕಾಫಿಗೆ ಬರ ಇರಲಿಲ್ಲ. ತರೋಕೆ ಹಡಗು ಇರಲಿಲ್ಲ. ಹಡಗುಗಳು ಸೈನ್ಯದ ಕೆಲಸಕ್ಕೆ ಹೋಗಿದ್ದವು, ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಸಬ್‌ಮರೀನ್‌ಗಳು ಕಾಯುತ್ತಿದ್ದವು. ನಮ್ಮನೆಯಲ್ಲಿ ಲೆಕ್ಕಕ್ಕೆ ಬರುವವರು ಮೂವರು. ಮೂರು ಡಬ್ಬಿಗೆ ತೂಕ ಮಾಡಿ ಹಾಕಿ ಹೆಸರು ಬರೆದಿಟ್ಟೆ.

"ಏನಮ್ಮಾ ಇದು, ಕಾಫಿಪುಡೀನೂ ತೂಕ ಮಾಡ್ಕೊಂಡು ಕುಡಿಯೋ ಕಾಲ ಬಂತಾ?" ಅಂದರು ಅತ್ತೆ. ಹಾಸನದವರಿಗೆ ಇದು ದೊಡ್ಡ ಮಾತೇ.

ಬೆಳಿಗ್ಗೆ ಒಂದು ಗಟ್ಟಿ ಕಾಫಿ, ಇಲ್ಲಾಂದರೆ ಎರಡು ನೀರುಕಾಫಿ. 13 ಗ್ರಾಂನಲ್ಲಿ ಇಷ್ಟೇ ಆಗುವುದು. ಅತ್ತೆ ಎರಡೇ ದಿನದಲ್ಲಿ ಸುಧಾರಿಸಿಕೊಂಡರು. ಫಿಲ್ಟರ್‌ನ ಅದೇ ಪುಡಿಗೆ ಮತ್ತೆ ಬಿಸಿನೀರು ಹಾಕಿ ಎರಡನೇ ಡಿಕಾಕ್ಷನ್ ಇಳಿಸಿ ಸಂಜೆಗೆ ಇಟ್ಟುಕೊಳ್ಳುತ್ತಿದ್ದರು. ಅಧ್ಯಕ್ಷ ರೂಸ್‌ವೆಲ್ಟ್ ಆಗ ತಮ್ಮ ಜನಕ್ಕೆ ಕೊಟ್ಟ ಸಲಹೆಯೂ ಇದೇ, ಪುಡಿಯನ್ನು ಇನ್ನೊಂದು ಸಲ ಬಳಸಿ ಅಂತ. ಅಮೆರಿಕದ ಎಷ್ಟೋ ಮನೆಗಳಲ್ಲಿ ಚಿಕೋರಿ ಬೆರೆಸಿ ಪುಡಿ ಎಳೆದಾಡಿದರು. ನಮಗೆ ಚಿಕೋರಿ ಹೊಸದೇನಲ್ಲ. ಹಾಗಿದ್ದರೂ ಐದನೇ ವಾರದ ಕೊನೆಗೆ ಯಜಮಾನರ ಡಬ್ಬಿ ಖಾಲಿ. ಅವರು ಆಫೀಸಿನಲ್ಲೂ ಕುಡಿಯದೆ ನಿಯಮ ಪಾಲಿಸಿದರು. ಅದಕ್ಕೆ ಅವರನ್ನು ನಾನು ಮೆಚ್ಚಲೇಬೇಕು.

ಸಕ್ಕರೆ ಒಬ್ಬರಿಗೆ ವಾರಕ್ಕೆ ಅರ್ಧ ಪೌಂಡ್, ಅಂದರೆ ನಾಲ್ವರಿಗೆ ಸುಮಾರು 900 ಗ್ರಾಂ. 1942ರ ಮೇನಲ್ಲಿ ಮೊದಲು ರೇಷನ್‌ಗೆ ಬಂದ ಆಹಾರ ಇದೇ. ಶಾಲೆಯ ಮೇಷ್ಟ್ರುಗಳೇ ಕೂತು ಪುಸ್ತಕ ಹಂಚಿದರು. ಮನೆಯಲ್ಲಿ ಎಷ್ಟು ಸಕ್ಕರೆ ಇದೆ ಅಂತ ಕೇಳಿ, ಜಾಸ್ತಿ ಇದ್ದವರ ಪುಸ್ತಕದಿಂದ ಅಷ್ಟು ಚೀಟಿ ಹರಿದುಹಾಕುತ್ತಿದ್ದರು. ನಮಗೆ ಇದು ಸಾಕಾಯಿತು. ಯುಗಾದಿ ಒಬ್ಬಟ್ಟಿಗೆ ಮಾತ್ರ ಹಿಂದಿನ ವಾರಗಳಲ್ಲಿ ಉಳಿಸಿ ಇಟ್ಟುಕೊಂಡೆ. ಆದರೆ ಪೈ, ಕೇಕು, ಜಾಮ್ ಮಾಡುವ ಮನೆಗೆ ಎಷ್ಟು ಕಷ್ಟ ಆಗಿರಬೇಕು ಅಂತ ಟೊಮೆಟೊ ಜಾಮ್ ಮಾಡುವಾಗ ಗೊತ್ತಾಯಿತು. ಒಂದೇ ಪಾತ್ರೆ ಜಾಮ್ ವಾರದ ಸಕ್ಕರೆಯನ್ನೆಲ್ಲ ನುಂಗಿಬಿಡುತ್ತದೆ.

ಕೆಂಪು ಪಾಯಿಂಟ್ ವಿಷಯದಲ್ಲಿ ನಾವು ಶ್ರೀಮಂತರು. ವಾರಕ್ಕೆ ನಾಲ್ವರಿಗೆ 64 ಪಾಯಿಂಟ್, ಮಾಂಸಕ್ಕೆ ಒಂದೂ ಬೇಡ. ಶುರುವಿನಲ್ಲಿ ಒಂದು ಪೌಂಡ್ ಬೆಣ್ಣೆಗೆ 8 ಪಾಯಿಂಟ್. ತುಪ್ಪ ಕಾಯಿಸೋಕೆ ಏನೂ ತೊಂದರೆ ಇಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಆಗ ಪಾಯಿಂಟ್ ಇದ್ದರೂ ಅಂಗಡಿಯಲ್ಲಿ ಬೆಣ್ಣೆ ಇರಬೇಕಲ್ಲ. ಬೆಣ್ಣೆ ಸೈನಿಕರಿಗೆ ಹೋಗುತ್ತಿತ್ತು, ಹಡಗು ಹತ್ತಿ ರಷ್ಯಾಕ್ಕೂ ಹೋಗುತ್ತಿತ್ತು. ಈ ಕಷ್ಟ ನಮ್ಮ ಮನೆಗೂ ಬರಲಿ ಅಂತ ಒಂದು ಉಪಾಯ ಮಾಡಿದೆ. ಅಂಗಡಿಗೆ ಹೊರಡುವ ಮುಂಚೆ ಮಗಳು ಒಂದು ಚೀಟಿ ಎತ್ತಬೇಕು. "ಸ್ಟಾಕ್ ಇಲ್ಲ" ಅಂತ ಬಂದರೆ ಆ ವಾರ ಬೆಣ್ಣೆ ಇಲ್ಲ. ಶರತ್ಕಾಲ ಬರುವ ಹೊತ್ತಿಗೆ ಬೆಣ್ಣೆ 16 ಪಾಯಿಂಟ್‌ಗೆ ಏರಿತ್ತು. ಎಣ್ಣೆ, ಚೀಸ್ ಕೂಡ ಅದೇ 64ರಲ್ಲಿ ಬರಬೇಕು. ಆಗ ಒಗ್ಗರಣೆಗೆ ಚಮಚದಲ್ಲಿ ಅಳೆದು ಎಣ್ಣೆ ಹಾಕೋಕೆ ಶುರು ಮಾಡಿದೆ.

ಬೆಣ್ಣೆ ಸಿಗದವರು ಮಾರ್ಗರಿನ್ ತರುತ್ತಿದ್ದರು. ಅದು ಬೆಳ್ಳಗೆ ಇರುತ್ತಿತ್ತು. ಹಳದಿ ಬಣ್ಣ ಹಾಕಿ ಮಾರಿದರೆ ಪೌಂಡ್‌ಗೆ 10 ಸೆಂಟ್ ತೆರಿಗೆ. ಅದಕ್ಕೆ ಕಂಪನಿಗಳು ಬಣ್ಣವನ್ನು ಬೇರೆಯಾಗಿ ಕೊಟ್ಟು, ಮನೆಯಲ್ಲೇ ಕಲಸಿಕೊಳ್ಳಿ ಅನ್ನುತ್ತಿದ್ದವು. 1943ರಲ್ಲಿ ಸರ್ಕಾರ ಹೇಳಿದ ಏಳು ಆಹಾರ ಗುಂಪಿನಲ್ಲಿ ಬೆಣ್ಣೆ ಮತ್ತು ಮಾರ್ಗರಿನ್‌ಗೇ ಒಂದು ಗುಂಪು ಇತ್ತು.

ಹಾಗಾದರೆ ಸಸ್ಯಾಹಾರಿಗಳಿಗೆ ಕಷ್ಟ ಎಲ್ಲಿ? ಬೇಳೆಯಲ್ಲಿ. ಒಣಗಿದ ಬೀನ್ಸ್, ಬಟಾಣಿ, ಬೇಳೆಗಳೂ ನೀಲಿ ಪಟ್ಟಿಯಲ್ಲಿ ಇದ್ದವು. ಫ್ರಿಜ್ ಬಾಗಿಲ ಪಟ್ಟಿಯಲ್ಲಿ ಇದನ್ನು ಕಂಡಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಮಾಂಸಕ್ಕೆ ಪಾಯಿಂಟ್ ಸಾಲದ ಮನೆಗಳೆಲ್ಲ ಬೀನ್ಸ್ ಕಡೆ ತಿರುಗುತ್ತವೆ ಅಂತ ಸರ್ಕಾರಕ್ಕೂ ಗೊತ್ತಿತ್ತು. ದಿನಾ ಹುಳಿ ಮಾಡುವ ಮನೆಯಲ್ಲಿ ತಿಂಗಳ ನೀಲಿ ಚೀಟಿ ಬೇಳೆಗೇ ಕರಗುತ್ತಿತ್ತು. ತೆಂಗಿನಕಾಯಿಯನ್ನೂ ನಾನು ನಿಲ್ಲಿಸಿದೆ. ಫಿಲಿಪೈನ್ಸ್ ಜಪಾನಿನ ಕೈಗೆ ಹೋದ ಮೇಲೆ ಅಲ್ಲಿಂದ ಅಮೆರಿಕಕ್ಕೆ ಕೊಬ್ಬರಿ ಬರುವುದು ನಿಂತಿತ್ತು.

ಅಕ್ಕಿ, ಗೋಧಿಹಿಟ್ಟು, ಹಾಲು, ಮೊಟ್ಟೆ, ಹಸಿ ತರಕಾರಿ, ಕಡಲೆಕಾಯಿಗೆ ಪಾಯಿಂಟ್ ಇಲ್ಲ. ಅಡುಗೆ ಆ ಕಡೆ ವಾಲಿತು. ತಿಳಿಸಾರು ನಿಜಕ್ಕೂ ತಿಳಿಯಾಯಿತು. ಕಡಲೆಕಾಯಿ ಚಟ್ನಿ, ಹುಣಸೆ ಗೊಜ್ಜು, ಮೊಸರನ್ನ, ಪಲ್ಯ ಜಾಸ್ತಿಯಾದವು. ಅತ್ತೆ ಹಿತ್ತಲಿನಲ್ಲಿ ಮೆಂತ್ಯ, ದಂಟು, ಹುರುಳಿಕಾಯಿ ಹಾಕಿದರು. ಯುದ್ಧದ ಕಾಲದಲ್ಲಿ ಅಮೆರಿಕದವರು ಇಂಥ ಮನೆತೋಟಗಳಿಗೆ ವಿಕ್ಟರಿ ಗಾರ್ಡನ್ ಅನ್ನುತ್ತಿದ್ದರು. ಸುಮಾರು 2 ಕೋಟಿ ತೋಟಗಳಿದ್ದವು ಅಂತ ಅಂದಾಜು. ಡಬ್ಬಿ ತರಕಾರಿಗೆ ಪಾಯಿಂಟ್ ಕೊಡಬೇಕಾದಾಗ ಹಿತ್ತಲಿನ ಹುರುಳಿಕಾಯಿಗೆ ಎಷ್ಟು ಬೆಲೆ ಬರುತ್ತದೆ ಅನ್ನೋದು ಜೂನ್‌ನಲ್ಲಿ ಅರ್ಥವಾಯಿತು.

ಈ ತೋಟದ ಮಾತು ಬಂದಾಗ ಒಂದನ್ನು ಹೇಳದೆ ಇರಲಾರೆ. ಕ್ಯಾಲಿಫೋರ್ನಿಯಾದಲ್ಲಿ ತರಕಾರಿಯ ದೊಡ್ಡ ಪಾಲು ಬೆಳೆಯುತ್ತಿದ್ದವರು ಜಪಾನಿ ಮೂಲದ ರೈತರು. 1942ರಲ್ಲಿ ಸರ್ಕಾರ ಆ ಸಮುದಾಯದ ಸುಮಾರು 1,20,000 ಜನರನ್ನು ಮನೆ, ಹೊಲ ಬಿಡಿಸಿ ಶಿಬಿರಗಳಿಗೆ ಸಾಗಿಸಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳು. ಒಂದು ಕಡೆ ತರಕಾರಿ ಬೆಳೆಯಿರಿ ಅಂತ ಪೋಸ್ಟರ್, ಇನ್ನೊಂದು ಕಡೆ ಬೆಳೆಯುವವರನ್ನೇ ಬೇಲಿಯೊಳಗೆ ಹಾಕಿದ್ದು. ಇದು ನನ್ನ ಮಗಳಿಗೆ ಗೊತ್ತಿರಲೇಬೇಕು ಅಂತ ಕೂರಿಸಿಕೊಂಡು ಹೇಳಿದೆ. "ಆಗ ಇಲ್ಲಿ ನಮ್ಮವರು ಇದ್ದರಾ?" ಅಂತ ಅತ್ತೆ ಕೇಳಿದರು. ಇದ್ದರು, ಸ್ವಲ್ಪ ಜನ, ಹೆಚ್ಚಾಗಿ ಪಂಜಾಬಿ ರೈತರು. 1923ರ ಸುಪ್ರೀಂ ಕೋರ್ಟ್ ತೀರ್ಪು ಭಾರತೀಯರಿಗೆ ಪೌರತ್ವದ ಬಾಗಿಲು ಮುಚ್ಚಿತ್ತು. ಅದು ತೆರೆದದ್ದು 1946ರಲ್ಲಿ.

ಮತ್ತೆ ಬೆಲೆಗೆ ಬರುತ್ತೇನೆ. ಆಗಿನ ಕನಿಷ್ಠ ಕೂಲಿ ಗಂಟೆಗೆ 30 ಸೆಂಟ್. ಅಂದರೆ ಒಂದು ಪೌಂಡ್ ಕಾಫಿಪುಡಿಗೆ ಒಂದು ಗಂಟೆ ದುಡಿಯಬೇಕು. ಕಾರ್ಖಾನೆ ಕೆಲಸಗಾರರ ಸರಾಸರಿ ಕೂಲಿ 1943ರಲ್ಲಿ ಗಂಟೆಗೆ ಸುಮಾರು 96 ಸೆಂಟ್. ಡಜನ್ ಮೊಟ್ಟೆ 57 ಸೆಂಟ್, ಪೌಂಡ್ ಬೆಣ್ಣೆ 53 ಸೆಂಟ್. ಒಂದು ಡಜನ್ ಮೊಟ್ಟೆಗೆ ಅರ್ಧ ಗಂಟೆಗೂ ಜಾಸ್ತಿ ದುಡಿಮೆ. ಇದು ಅಗ್ಗವೇ? ಆದರೂ ಓವರ್‌ಟೈಮ್ ಇತ್ತು, ಹೆಂಗಸರೂ ಕಾರ್ಖಾನೆಗೆ ಹೋದರು, ಎಷ್ಟೋ ಮನೆಗಳಲ್ಲಿ ಮೊದಲಿಗಿಂತ ಹೆಚ್ಚು ದುಡ್ಡು ಓಡಾಡಿತು. ಖರ್ಚು ಮಾಡೋಕೆ ಸಾಮಾನು ಇರಲಿಲ್ಲ. ಕಾರು ತಯಾರಿಕೆ 1942ರ ಫೆಬ್ರವರಿಯಲ್ಲೇ ನಿಂತಿತ್ತು. ನೈಲಾನ್ ಪ್ಯಾರಾಚೂಟ್‌ಗೆ ಹೋಗಿ ಸ್ಟಾಕಿಂಗ್ಸ್ ಸಿಗದಂತಾಯಿತು. ಹುಡುಗಿಯರು ಕಾಲಿಗೆ ಬಣ್ಣ ಬಳಿದು, ಹುಬ್ಬಿನ ಪೆನ್ಸಿಲ್‌ನಲ್ಲಿ ಹಿಂದೆ ಹೊಲಿಗೆಯ ಗೆರೆ ಎಳೆದುಕೊಂಡರು. ಆ ಕಾಲದ ಬೆಲೆಪಟ್ಟಿ ಓದುವಾಗ ಪಕ್ಕದಲ್ಲಿ ಕೂಲಿಯೂ ಪಾಯಿಂಟೂ ಇರಬೇಕು. ಇಲ್ಲದಿದ್ದರೆ ಆ ಪಟ್ಟಿಯಿಂದ ಮನೆಯ ಕಥೆ ತಿಳಿಯುವುದೇ ಇಲ್ಲ.

ಉಳಿದ ದುಡ್ಡು ಸಿನಿಮಾಕ್ಕೆ ಹೋಯಿತು. ವಾರಕ್ಕೆ 8 ಕೋಟಿಗೂ ಜಾಸ್ತಿ ಟಿಕೆಟ್ ಮಾರಾಟವಾಗುತ್ತಿದ್ದವು. ಮತ್ತೆ ಯುದ್ಧದ ಬಾಂಡ್‌ಗೆ, ಅಂದರೆ ಯುದ್ಧದ ಖರ್ಚಿಗೆ ಜನ ಸರ್ಕಾರಕ್ಕೆ ಕೊಡುವ ಸಾಲಕ್ಕೆ. ಶಾಲೆಯ ಮಕ್ಕಳು 10 ಸೆಂಟ್ ಸ್ಟಾಂಪ್ ಕೊಂಡು ಆಲ್ಬಂಗೆ ಅಂಟಿಸುತ್ತಿದ್ದರು. 187 ಸ್ಟಾಂಪಿನ ಮೇಲೆ 5 ಸೆಂಟ್ ಸೇರಿಸಿದರೆ 18 ಡಾಲರ್ 75 ಸೆಂಟ್. ಅದಕ್ಕೊಂದು ಬಾಂಡ್, ಹತ್ತು ವರ್ಷಕ್ಕೆ 25 ಡಾಲರ್. ಮಗಳು ತನ್ನ ಪಾಕೆಟ್ ಮನಿಯಲ್ಲಿ ಇದನ್ನೂ ಶುರು ಮಾಡಿದಳು. ಸ್ಟಾಂಪ್ ಕೂಡ ಅವಳೇ ಬಿಡಿಸಿದ್ದು.

ಸಂಜೆ ಟಿವಿ ಬಂದ್, ರೇಡಿಯೋ ಮಾತ್ರ. ಆಗಿನ ಎಷ್ಟೋ ಕಾರ್ಯಕ್ರಮಗಳ ರೆಕಾರ್ಡಿಂಗ್ ಇವತ್ತೂ ಕೇಳಸಿಗುತ್ತವೆ. 1942ರ ಫೆಬ್ರವರಿ 23ರ ಭಾಷಣಕ್ಕೆ ರೂಸ್‌ವೆಲ್ಟ್ ಎಲ್ಲರೂ ಭೂಪಟ ಎದುರಿಗೆ ಇಟ್ಟುಕೊಳ್ಳಿ ಅಂತ ಮೊದಲೇ ಕೇಳಿಕೊಂಡಿದ್ದರು. ನಾವೂ ಊಟದ ಮೇಜಿನ ಮೇಲೆ ಭೂಪಟ ಹರಡಿಕೊಂಡು ಕೇಳಿದೆವು. ಜಪಾನ್ ಹಿಡಿದ ಮಲಯದ ರಬ್ಬರ್ ಕೈತಪ್ಪಿದ್ದಕ್ಕೂ ನ್ಯೂಜೆರ್ಸಿಯ ಕಾರು ಮನೆಯಲ್ಲೇ ನಿಂತದ್ದಕ್ಕೂ ಏನು ಸಂಬಂಧ ಅಂತ ಮಗಳು ಬೆರಳಿಟ್ಟು ತೋರಿಸಿದಳು. ಪೆಟ್ರೋಲ್ ರೇಷನ್ ಮುಖ್ಯವಾಗಿ ಟಯರ್ ಉಳಿಸೋಕೇ ಬಂದದ್ದು.

1943ರ ಜುಲೈ 28ರ ರಾತ್ರಿ, ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಅಧಿಕಾರ ಕಳೆದುಕೊಂಡ ಮೂರನೇ ದಿನ, ಇನ್ನೊಂದು ಭಾಷಣ. ಹಡಗುಗಳ ಪರಿಸ್ಥಿತಿ ಸುಧಾರಿಸಿದೆ, ಕಾಫಿ ರೇಷನ್ ಮುಗಿಯಲಿದೆ ಅಂತ ಅದರಲ್ಲಿ ಬರುತ್ತದೆ. ನಾವು ಅದನ್ನು ಜುಲೈ 28ಕ್ಕೇ ಕಾಯ್ದಿಟ್ಟಿದ್ದೆವು. ಆ ಮಾತು ಬಂದ ಕೂಡಲೇ ಅತ್ತೆ ಎದ್ದು ಫಿಲ್ಟರ್‌ಗೆ ಪುಡಿ ತುಂಬಿದರು, ರಾತ್ರಿ ಒಂಬತ್ತೂವರೆಗೆ.

ಯಾರಾದರೂ ಮಾಡಿ ನೋಡುವುದಾದರೆ ಕಾಫಿಯಿಂದ ಶುರು ಮಾಡಿ, ಮನೆಯವರಿಗೆಲ್ಲ ಬೇಗ ಅರ್ಥವಾಗುತ್ತದೆ. ಪಾಯಿಂಟ್ ಪಟ್ಟಿ ಒಂದೇ ತಿಂಗಳದ್ದು ಹಿಡಿದು ಕೂರಬೇಡಿ, ಆಗಿನಂತೆ ಬದಲಾಯಿಸುತ್ತಾ ಹೋಗಿ. "ಸ್ಟಾಕ್ ಇಲ್ಲ" ಚೀಟಿ ಬಿಡಬೇಡಿ. ಸಸ್ಯಾಹಾರಿ ಮನೆಯಾದರೆ ಬೆಣ್ಣೆಗೆ ಮೊದಲಿನಿಂದಲೇ 16 ಪಾಯಿಂಟ್ ಇಟ್ಟುಕೊಳ್ಳಿ. 8 ಇಟ್ಟುಕೊಂಡರೆ ತುಪ್ಪ ಧಾರಾಳವಾಗಿ ಸಿಗುತ್ತದೆ, ರೇಷನ್ ಅನ್ನಿಸುವುದೇ ಇಲ್ಲ.