ಚಾವಟಿ ಬೀಸುವಾಗ ಸೆಲ್ಫ್ ಟೈಮರ್‌ನಲ್ಲಿ ಚಿತ್ರ ತೆಗೆದುಕೊಳ್ಳುವ ಬಗೆ

ಚಾವಟಿಯ ತುದಿಯ ವೇಗವು ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ಮೀರುವುದರಿಂದ 1/2000 ಸೆಕೆಂಡಿನ ಶಟರ್ ವೇಗದಲ್ಲಿಯೂ ಆ ತುದಿ ಸುಮಾರು 17 ಸೆಂಟಿಮೀಟರ್ ಸರಿದು ಮಸುಕಾಗಿಯೇ ಮೂಡುತ್ತದೆ. ಆದ್ದರಿಂದ ತುದಿಯ ಹಂಬಲ ಬಿಟ್ಟು, ಗಾಳಿಯಲ್ಲಿ ಉರುಳುತ್ತ ಸಾಗುವ ಸುರುಳಿಯನ್ನು ಹಿಡಿಯುವುದೇ ಜಾಣತನ. ಚಿತ್ರದ ಸೊಗಸಿರುವುದೂ ಅಲ್ಲಿಯೇ.

ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ, ನೀವು ಬೀಸುವ ದಿಕ್ಕಿಗೆ ಅಡ್ಡಲಾಗಿ, ಚಾವಟಿ ಮತ್ತು ಚಾಚಿದ ತೋಳಿನ ಒಟ್ಟು ಉದ್ದದ ಎರಡು ಪಟ್ಟಾದರೂ ದೂರದಲ್ಲಿ ನಿಲ್ಲಿಸಬೇಕು. ನೀವು ನಿಲ್ಲುವ ಜಾಗದಲ್ಲಿ ಕೋಲೊಂದನ್ನು ನೆಟ್ಟು, ಅದರ ಮೇಲೆ ಫೋಕಸ್ ಮಾಡಿ, ಬಳಿಕ ಮ್ಯಾನುಯಲ್‌ಗೆ ಬದಲಿಸಿದರೆ ಫೋಕಸ್ ಕದಲುವುದಿಲ್ಲ. ಕಂದು ತೊಗಲಿನ ಚಾವಟಿ ಮರಗಳ ಮುಂದೆ ಕಾಣದೇ ಹೋಗುವುದರಿಂದ, ಕ್ಯಾಮೆರಾವನ್ನು ತಗ್ಗಿಸಿ ತಿಳಿಯಾದ ಆಕಾಶವನ್ನು ಹಿನ್ನೆಲೆಯಾಗಿಸಿಕೊಂಡು, ತಲೆಯ ಮೇಲೆ ಧಾರಾಳವಾಗಿ ಜಾಗ ಬಿಡಿ.

ಟೈಮರನ್ನು 10 ಸೆಕೆಂಡಿಗೆ ಇಟ್ಟು, ಒಂದೇ ಒತ್ತಿಗೆ ಹಲವು ಚಿತ್ರಗಳನ್ನು ತೆಗೆಯುವ ಸೌಲಭ್ಯವಿದ್ದರೆ ಅದನ್ನೂ ಆರಿಸಿಕೊಳ್ಳಿ. ಕೊನೆಯ ಗಳಿಗೆಗೆ ಕಾಯದೆ, ಟೈಮರ್‌ನ ದೀಪ ಇನ್ನೂ ಮಿನುಗುತ್ತಿರುವಾಗಲೇ ಒಂದೇ ಲಯದಲ್ಲಿ ಬೀಸತೊಡಗಿದರೆ, ಯಾವುದಾದರೂ ಒಂದು ಚಿತ್ರದಲ್ಲಿ ಸುರುಳಿ ಸಿಗುವ ಸಾಧ್ಯತೆ ಹೆಚ್ಚು. ಕಣ್ಣು ಕ್ಯಾಮೆರಾದ ಕಡೆಗಿದ್ದರೆ ಚಾವಟಿ ಮುಖಕ್ಕೇ ಬಡಿಯಬಹುದಾದ್ದರಿಂದ ಟೋಪಿ, ರಕ್ಷಣಾ ಕನ್ನಡಕ ಎರಡನ್ನೂ ಧರಿಸಿರಬೇಕು.